ಕುಕ್ಕರ್ ಕೂಗದ ಮನೆ

ಕುರುಗೋಡಿನ ಆ ಓಣಿಯಲ್ಲಿ ಬೆಳಗಾದರೆ ಮನೆಮನೆಯಲ್ಲೂ ಕುಕ್ಕರ್ ಕೂಗುತ್ತದೆ. ಜಯಶ್ರೀಯ ಮನೆಯಲ್ಲಿ ಮಾತ್ರ ಕೂಗುವುದಿಲ್ಲ. ಅವಳು ಬೇಳೆಯನ್ನು ಪಾತ್ರೆಯಲ್ಲಿ ಬೇಯಿಸುತ್ತಾಳೆ, ಮುಚ್ಚಳವನ್ನು ಬಟ್ಟೆ ಹಿಡಿದು ಮುಚ್ಚುತ್ತಾಳೆ. ಬಾಗಿಲ ಚಿಲಕಕ್ಕೂ ಚಿಂದಿ ಸುತ್ತಿದ್ದಾಳೆ. ಸ್ವಲ್ಪ ಸದ್ದಾದರೂ ಸಾಕು, ಅವಳ ಗಂಡ ಹುಲುಗೇಶ್ ಬೆಚ್ಚಿಬಿದ್ದು ಗೋಡೆಗೆ ಒತ್ತಿಕೊಂಡು ನಿಲ್ಲುತ್ತಾನೆ.

ಅವನೇನು ಹುಟ್ಟಾ ಹೆದರುಪುಕ್ಕಲನಲ್ಲ. ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ಜೀನ್ಸ್ ಪ್ಯಾಂಟ್ ಹೊಲಿಯುತ್ತಿದ್ದ. ಕಟಿಂಗ್ ಮಾಸ್ತರ್ ಹೊನ್ನೂರ್‌ಸಾಬ್ ಬಟ್ಟೆ ಕತ್ತರಿಸಿ ಕೊಟ್ಟರೆ ಹುಲುಗೇಶ್, ಅವನ ಪಕ್ಕದ ಮಿಷಿನ್ನಿನ ಗಾದಿಲಿಂಗ ಇಬ್ಬರೂ ಹೊಲಿಯುವುದು. ಮೂವರೂ ಚಡ್ಡಿ ದೋಸ್ತರು. ಮಿಷಿನ್ನುಗಳ ಗದ್ದಲದಲ್ಲಿ ಕೂಗಿ ಕೂಗಿ ಮಾತಾಡಿ ರೂಢಿಯಾದ ಹುಲುಗೇಶ್ ಮನೆಗೆ ಬಂದರೂ ಕೂಗಿಯೇ ಮಾತಾಡುತ್ತಿದ್ದ.

"ಮೆತ್ತಗ ಮಾತಾಡ್ರಿ. ನಾನೇನು ಕಿವುಡಿ ಅಲ್ಲ" ಎಂದು ಜಯಶ್ರೀ ಬೈಯುತ್ತಿದ್ದಳು.

ಕಳೆದ ವರ್ಷ ಹುಲುಗೇಶ್ ಮತ್ತು ಗಾದಿಲಿಂಗ ಪ್ಯಾಂಟಿನ ಗಂಟು ಹೊತ್ತು ಉತ್ತರದ ಕಡೆಯ ಒಂದು ದೊಡ್ಡ ಊರಿನ ಸಂತೆಗೆ ಹೋದರು. ಹುಲುಗೇಶ್ ಚಹಾ ತರಲೆಂದು ಅಂಗಡಿ ಬಿಟ್ಟು ಆಚೆ ಹೋದ. ಅವನು ತಿರುಗಿ ಬರುವಷ್ಟರಲ್ಲಿ ಉಗ್ರರು ಇಟ್ಟಿದ್ದ ಬಾಂಬು ಸಿಡಿಯಿತು. ಗಾದಿಲಿಂಗ ಉಳಿಯಲಿಲ್ಲ. ಹುಲುಗೇಶನ ಮೈಮೇಲೆ ಒಂದು ಗಾಯವೂ ಇರಲಿಲ್ಲ, ಆದರೆ ಊರಿಗೆ ಬಂದವನು ಮೊದಲಿನ ಹುಲುಗೇಶ್ ಆಗಿರಲಿಲ್ಲ.

ತಾಯಿ ಎರ್ರಮ್ಮ ಮಗ ಸೊಸೆಯನ್ನು ಕುರುಗೋಡಿಗೆ ಕರೆತಂದಳು. ತಾಯತ ಕಟ್ಟಿಸಿದಳು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. "ಗಂಡಸು ಹೆದರ್ಯಾನ ಅಂದ್ರ ಮಂದಿ ನಗ್ತಾರ. ಯಾರ ಮುಂದೂ ಬಾಯಿ ಬಿಡಬ್ಯಾಡ" ಎಂದು ಸೊಸೆಗೆ ತಾಕೀತು ಮಾಡಿದಳು. ಮಕ್ಕಳಿದ್ದರೆ ಗಲಾಟೆ ಎಂದು ಮೊಮ್ಮಗಳು ಅಕ್ಷಿತಾಳನ್ನು ಸಿರುಗುಪ್ಪದಲ್ಲಿದ್ದ ಜಯಶ್ರೀಯ ಅಕ್ಕನ ಮನೆಗೆ ಕಳಿಸಿದಳು. ಹೀಗೆ ಮಗನ ಮೇಲಿನ ಮಮತೆಯಿಂದಲೇ ಮನೆ ಮೂಕಾಯಿತು.

ಗಂಡ ಪಕ್ಕದಲ್ಲೇ ಇದ್ದರೂ ಜಯಶ್ರೀ ಒಂಟಿ. ಅವನು ಉಣ್ಣುತ್ತಿದ್ದ, ಮಲಗುತ್ತಿದ್ದ, ಆದರೆ ನಿದ್ದೆ ಮಾಡುತ್ತಿರಲಿಲ್ಲ. ಆ ಸ್ಫೋಟದ ವಿಡಿಯೊವನ್ನು ಯಾರೋ ಪುಣ್ಯಾತ್ಮರು ಅವನ ಫೋನಿಗೂ ಕಳಿಸಿದ್ದರು. ಅದನ್ನೇ ಹಾಕಿಕೊಂಡು, ಸದ್ದು ಪೂರ್ತಿ ಇಳಿಸಿ, ಆ ಹೊಗೆಯಲ್ಲಿ ಗಾದಿಲಿಂಗನನ್ನು ಹುಡುಕುತ್ತಾ ಕೂರುತ್ತಿದ್ದ. ಎದ್ದು ಆ ಫೋನು ಕಿತ್ತುಕೊಳ್ಳುವ ಧೈರ್ಯ ಅವಳಿಗಿರಲಿಲ್ಲ.

ಒಂದು ದಿನ ಹೊನ್ನೂರ್‌ಸಾಬ್ ಬಂದ. ಎರ್ರಮ್ಮ ಬಾಗಿಲನ್ನು ಅರ್ಧ ತೆರೆದು, "ಮಲಗ್ಯಾನಪ್ಪ" ಎಂದಳು.

"ಎಬ್ಬಿಸಬ್ಯಾಡ್ರಿ ಅವ್ವಾ. ನಾನು ಬಂದಿದ್ದೆ ಅಂತ ಹೇಳ್ರಿ, ಸಾಕು" ಎಂದು ಅವನು ತಲೆ ತಗ್ಗಿಸಿ ಹೋದ.

ಒಳಗೆ ಹುಲುಗೇಶ್ ಎಚ್ಚರವಾಗಿಯೇ ಇದ್ದ. ಜಯಶ್ರೀ ಕೇಳಿದಳು: "ಯಾಕ್ರಿ ಹಿಂಗ?"

"ಬಾಂಬ್ ಇಟ್ಟವ್ರೂ ಅವನ ಮಂದೀನೇ ಅಂತ ಟಿವಿಯಾಗ ಹೇಳಿದ್ರು."

"ಗಾದಿಲಿಂಗಣ್ಣನ್ನ ತರಾಕ ಅಷ್ಟು ದೂರ ಬಂದು ಹೆಗಲು ಕೊಟ್ಟಾವ ಯಾರು ಮತ್ತ?"

ಹುಲುಗೇಶ್ ಗೋಡೆಯ ಕಡೆ ತಿರುಗಿಕೊಂಡ.

ಪಕ್ಕದ ಮನೆಯಲ್ಲಿ ಆಶಾ ಕಾರ್ಯಕರ್ತೆ ಅರುಣಾ ಇದ್ದಳು. ಇವರ ಮನೆಯಲ್ಲಿ ಮಗುವಿನ ಸದ್ದೂ ಇಲ್ಲ, ಕುಕ್ಕರಿನ ಸದ್ದೂ ಇಲ್ಲ ಎಂದು ಗಮನಿಸಿ, ಒಂದು ಮಧ್ಯಾಹ್ನ ಬಂದು ಕಟ್ಟೆಯ ಮೇಲೆ ಕೂತಳು. ಜಯಶ್ರೀ ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟಳು. ಮನಸ್ಸಿನ ಡಾಕ್ಟರಿಗೆ ತೋರಿಸಿ ಎಂದು ಅರುಣಾ ಹೇಳಿದ್ದೇ ಎರ್ರಮ್ಮ ಸಿಡಿಮಿಡಿಗೊಂಡಳು.

"ಮನಸ್ಸಿನ ಡಾಕ್ಟ್ರತ್ರ ಹೋಗಾಕ ನನ್ನ ಮಗ ಹುಚ್ಚನೇನು?"

"ಅತ್ತಿ, ಅವನ ಕಾಲು ಮುರಿದಿದ್ರ ತಾಯತ ಕಟ್ಟಿ ಸುಮ್ಕ ಕೂಡ್ತಿದ್ರೇನು?" ಎಂದಳು ಅರುಣಾ.

"ಕಾಲಿನ ಪೆಟ್ಟು ಕಣ್ಣಿಗೆ ಕಾಣ್ತೈತಿ."

"ಇದೂ ಕಾಣಾಕತ್ತೈತಿ. ನಿದ್ದಿ ಇಲ್ಲ, ಬೆಚ್ಚಿ ಬೀಳ್ತಾನ, ಆ ವಿಡಿಯೊ ಬಿಟ್ರ ಬ್ಯಾರೆ ಇಲ್ಲ, ಗೆಳೆಯನ ಮುಖ ನೋಡಂಗಿಲ್ಲ. ಇಂಥಾದ್ದು ಕಂಡು ಬಂದವ್ರಿಗೆ ಹಿಂಗಾಗ್ತೈತಿ ಅತ್ತಿ. ಹುಚ್ಚಲ್ಲ, ಪೆಟ್ಟು. ಇದಕ್ಕ ಔಷಧ ಐತಿ, ಮಾತೂ ಐತಿ. 14416 ಅಂತ ನಂಬರ್ ಐತಿ, ಕನ್ನಡದಾಗೇ ಮಾತಾಡ್ತಾರ."

"ಆ ನಂಬರಿಗೆ ಫೋನ್ ಹಚ್ಚಿದ್ರ ಗಾದಿಲಿಂಗ ಎದ್ದು ಬರ್ತಾನೇನು?" ಎಂದು ಎರ್ರಮ್ಮ ಒಳಗೆ ಹೋದಳು. ಕಟ್ಟೆಯ ಮಾತೆಲ್ಲ ಒಳಗಿದ್ದ ಹುಲುಗೇಶನ ಕಿವಿಗೂ ಬಿದ್ದಿತ್ತು.

ಸಂಜೆ ಜಯಶ್ರೀ ಸಿರುಗುಪ್ಪಕ್ಕೆ ಫೋನ್ ಮಾಡಿದಳು. ಅಕ್ಷಿತಾಳ ಮಾತು ಕೇಳಿಸಲೇ ಇಲ್ಲ. ಸ್ಪೀಕರ್ ಹಾಕಿದಳು.

"ಯಾಕವ್ವಾ ಪಿಸುಪಿಸು ಅಂತೀ?" ಎಂದು ಮಗಳನ್ನು ಕೇಳಿದಳು.

"ಅಪ್ಪ ಹೆದರ್ಕೊಂತಾನಲ್ಲ ಅಮ್ಮಾ. ನಾನು ಹಿಂಗ ಮಾತಾಡದು ಕಲಿತೀನಿ. ಈಗ ಮನಿಗೆ ಬರ್ಲೇನು?"

ಮೂಲೆಯಲ್ಲಿ ವಿಡಿಯೊ ನೋಡುತ್ತಿದ್ದ ಹುಲುಗೇಶನ ಕೈಯಿಂದ ಅವನ ಫೋನು ಜಾರಿ ಬಿತ್ತು. ಆ ಸದ್ದಿಗೆ ಅವನು ಬೆಚ್ಚಲಿಲ್ಲ. ಚಿಕ್ಕ ಮಕ್ಕಳ ಹಾಗೆ ಅತ್ತುಬಿಟ್ಟ.

"ಜಯಾ, ಆ ನಂಬರ್ ಹಚ್ಚು" ಎಂದ.

ಫೋನಿನಲ್ಲಿ ಮಾತಾಡಿದವರು ಸಮಾಧಾನದಿಂದ ಕೇಳಿಸಿಕೊಂಡರು, ಬಳ್ಳಾರಿಯ ಆಸ್ಪತ್ರೆಗೆ ಹೋಗಲು ಹೇಳಿದರು. ಎರ್ರಮ್ಮ ಸೆರಗು ಮುಖಕ್ಕೆ ಎಳೆದುಕೊಂಡೇ ಬಂದಳು. ಅಲ್ಲಿ ಸರದಿಯಲ್ಲಿ ಕೂತವರನ್ನು ನೋಡಿ ಸೆರಗು ಸರಿಸಿದಳು. "ಎಲ್ಲಾರೂ ನಮ್ಮಂಗ ಅದಾರಲ್ಲೇ!" ಎಂದು ಸೊಸೆಯ ಕಿವಿಯಲ್ಲಿ ಹೇಳಿದಳು.

"ನಾನು ಚಹಾಕ್ಕ ಹೋಗಬಾರದಿತ್ತು" ಎಂಬ ಮಾತು ಹುಲುಗೇಶನ ಬಾಯಿಂದ ಮೊದಲ ಸಲ ಬಂದದ್ದು ಆ ಡಾಕ್ಟರಮ್ಮನ ಎದುರಿಗೆ. ಅವರು ಅವಸರ ಮಾಡಲಿಲ್ಲ. ವಿಡಿಯೊ ಅಳಿಸಲು ಹೇಳಿದರು, ನಿದ್ದೆಗೆ ಮಾತ್ರೆ ಕೊಟ್ಟರು, ಮತ್ತೆ ಮತ್ತೆ ಬಂದು ಮಾತಾಡಲು ಹೇಳಿದರು. ಜಯಶ್ರೀಗೂ ಒಂದು ಮಾತು ಹೇಳಿದರು: "ಮನಿ ಮೂಕ ಮಾಡಬ್ಯಾಡಮ್ಮ. ಸದ್ದು ಆಗ್ತೈತಿ ಅಂತ ಮುಂಚೆ ಹೇಳು, ಆಮ್ಯಾಲೆ ಸದ್ದು ಮಾಡು."

ಹುಲುಗೇಶ್ ಒಂದೇ ದಿನಕ್ಕೆ ನೆಟ್ಟಗಾಗಲಿಲ್ಲ. ಕೆಲವು ರಾತ್ರಿ ಮೊದಲಿನಂತೆಯೇ ಎದ್ದು ಕೂತ. ಆದರೂ ಬಿಡದೆ ಹೋಗಿ ಬರುತ್ತಿದ್ದ. ಹಾಗೆ ಒಮ್ಮೆ ಆಸ್ಪತ್ರೆಯಿಂದ ಹೊರಟವನು ತಾನಾಗಿಯೇ ಆಟೊದವನಿಗೆ, ಹೊನ್ನೂರ್‌ಸಾಬ್ ಇದ್ದ ಕೌಲ್ ಬಜಾರಿಗೆ ಬಿಡಲು ಹೇಳಿದ.

ಮುಂದಿನ ಭಾನುವಾರ ಹೊನ್ನೂರ್‌ಸಾಬ್ ಕುರುಗೋಡಿಗೆ ಬಂದ. ಎರ್ರಮ್ಮ ಈ ಸಲ ಬಾಗಿಲನ್ನು ಪೂರ್ತಿ ತೆರೆದಳು. ಅಕ್ಷಿತಾಳೂ ಸಿರುಗುಪ್ಪದಿಂದ ಬಂದು ಮನೆ ತುಂಬಾ ಓಡಾಡುತ್ತಿದ್ದಳು.

"ಕುಕ್ಕರ್ ಇಟ್ಟೀನಿ, ಕೂಗ್ತೈತಿ ನೋಡ್ರಿ" ಎಂದಳು ಜಯಶ್ರೀ.

ಕುಕ್ಕರ್ ಕೂಗಿತು. ಹುಲುಗೇಶ್ ಹೊನ್ನೂರ್‌ಸಾಬನ ಕೈಯನ್ನು ಗಟ್ಟಿಯಾಗಿ ಹಿಡಿದ. ಜಯಶ್ರೀ ಒಲೆ ಆರಿಸಲು ಓಡಿದಳು.

"ಇರ್ಲಿ ಬಿಡಲೇ! ಬ್ಯಾಳಿ ಇನ್ನೂ ಬೆಂದಿಲ್ಲ!" ಎಂದು ಹುಲುಗೇಶ್ ಓಣಿಗೆಲ್ಲ ಕೇಳುವಂತೆ ಕೂಗಿದ.

"ನಾನೇನು ಕಿವುಡಿ ಅಲ್ಲ" ಎಂದಳು ಜಯಶ್ರೀ, ಕಣ್ಣೊರೆಸಿಕೊಳ್ಳುತ್ತಾ.

ಕೇಳುತ್ತಿರುವ ಅಕ್ಕ ಅಣ್ಣಂದಿರೇ, ಬಾಂಬು ಸಿಡಿಯುವುದು ಒಂದು ಕ್ಷಣ, ಆದರೆ ಕೆಲವು ಮನೆಗಳಲ್ಲಿ ಅದು ವರ್ಷಗಟ್ಟಲೆ ಸಿಡಿಯುತ್ತಲೇ ಇರುತ್ತದೆ. ಅಂಥ ವಿಡಿಯೊ ನಿಮ್ಮ ಫೋನಿಗೆ ಬಂದರೆ ಮುಂದೆ ಕಳಿಸಬೇಡಿ. ಅದರಲ್ಲಿ ಯಾರೋ ತಮ್ಮವರನ್ನು ಹುಡುಕುತ್ತಿರುತ್ತಾರೆ. ಯಾರೋ ಮಾಡಿದ ಪಾಪಕ್ಕೆ ನಿಮ್ಮ ಗೆಳೆಯನಿಗೆ ಬಾಗಿಲು ಹಾಕಬೇಡಿ. ಮನಸ್ಸಿಗೆ ಪೆಟ್ಟಾದವರಿದ್ದರೆ 14416ಕ್ಕೆ ಫೋನ್ ಮಾಡಿಸಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡು ಕೊಡಬೇಕಿಲ್ಲ. ಸದ್ದಿಲ್ಲದ ಮನೆ ನಿಮ್ಮ ಓಣಿಯಲ್ಲೂ ಒಂದಿರಬಹುದು. ಇವತ್ತೇ ಹೋಗಿ ಬಾಗಿಲು ಬಡಿಯಿರಿ, ಮೆತ್ತಗೆ.