ಚಂದವ್ವನ ಜಾಗ

ಅಳು ಬರಲಿಲ್ಲ. ನವನಗರದಲ್ಲಿ ಬಸ್ಸು ಹತ್ತಿದಾಗಿನಿಂದ ನಾಗಲಿಂಗ ಅದಕ್ಕಾಗಿ ಕಾಯುತ್ತಿದ್ದ. ಅಮೀನಗಡದಲ್ಲಿ ಬಸ್ಸು ನಿಂತಾಗ ಎಲ್ಲರ ಹಾಗೆ ಇಳಿದು ಕರದಂಟು ಕೊಂಡ. ನುಡಿನಮನಕ್ಕೆ ಹೊರಟವನು ಸಿಹಿ ಕೊಂಡೆನಲ್ಲ ಎಂದು ಹೊಳೆದದ್ದು ಹುನಗುಂದ ದಾಟಿದ ಮೇಲೆ.

ಚಂದವ್ವ ತೀರಿಕೊಂಡದ್ದು ಹೋದ ತಿಂಗಳು. ಅಣೆಕಟ್ಟಿನ ನೀರಿಗೆ ಊರು ಕಳೆದುಕೊಂಡ ಮುಳುಗಡೆಯವರ ಮೆರವಣಿಗೆಯಿರಲಿ, ಇಳಕಲ್ಲಿನ ನೇಕಾರರ ಧರಣಿಯಿರಲಿ, ಅವಳ ಗೀಗೀ ಪದವಿಲ್ಲದೆ ಜನ ಏಳುತ್ತಿರಲಿಲ್ಲ. ಅವಳು ಒಂದು ಸಾಲು ಎತ್ತಿಕೊಟ್ಟರೆ ಹಿಂದೆ ನಿಂತವರು 'ಗೀ ಗೀ' ಎಂದು ದನಿಗೂಡಿಸಬೇಕು. ಕಾಲೇಜು ಮಾಸ್ತರನಾಗುವ ಮೊದಲು ನಾಗಲಿಂಗನೂ ಆ ಹಿಂದೆ ನಿಂತವರಲ್ಲಿ ಒಬ್ಬ. ಆಗ ತನಗೊಂದು ದನಿಯಿದೆ ಎಂಬ ಖಾತ್ರಿಯಿತ್ತು. ಈಗ ದಿನವಿಡೀ ಪಾಠ ಹೇಳುತ್ತಾನೆ, ಒಂದು ಮಾತೂ ತನ್ನದೆನಿಸುವುದಿಲ್ಲ. ಇವತ್ತು ಅವಳಿಗಾಗಿ ತನ್ನದೇ ಆದ ಒಂದು ಮಾತು ಆಡಬೇಕು. ಬಂದದ್ದೇ ಅದಕ್ಕೆ.

ಇಳಕಲ್ಲಿನ ನೇಕಾರರ ಓಣಿಯಲ್ಲಿ ಪೆಂಡಾಲು ಹಾಕಿದ್ದರು. ಮಗ್ಗಗಳು ಬಂದ್ ಇದ್ದವು. ಒಂದು ಕಾಲಕ್ಕೆ 'ಲೇ ನಾಗ್ಯಾ' ಎನ್ನುತ್ತಿದ್ದ ದಪ್ಪು ಬಾರಿಸುವ ದುರ್ಗಪ್ಪ ಎದ್ದು ಕೈಮುಗಿದ.

"ಬರ್ರಿ ಸರ."

"ಆರಾಮ ಅದಿಯೇನೋ ದುರ್ಗಪ್ಪಾ?"

"ಅದೀನ್ರಿ."

'ಸರ' ಎಂದದ್ದಕ್ಕೆ ನಾಗಲಿಂಗನಿಗೆ ನೋವಾಯಿತು. ಒಳಗೊಳಗೇ ಹಿತವೂ ಆಯಿತೆಂದು ಇನ್ನಷ್ಟು ನೋವಾಯಿತು.

ಚಂದವ್ವನ ಮೇಳದ ಶಿವಬಸವ್ವ ಅವನ ಹೆಸರು ಕೂಗಿದಳು. ವೇದಿಕೆಯ ಮೇಲೆ ಮೇಳದವರು ಸಾಲಾಗಿ ನಿಂತಿದ್ದರು. ಅವರ ಮುಂದೆ ಮೈಕು, ಮೈಕಿನ ಬಳಿ ಯಾರೂ ಇಲ್ಲ. ತನಗಾಗಿಯೇ ಬಿಟ್ಟ ಜಾಗವೆಂದು ನೆಟ್ಟಗೆ ಹೋಗಿ ನಿಂತ. ಗಂಟಲು ಸರಿಮಾಡಿಕೊಂಡ.

ಬೆನ್ನ ಹಿಂದೆ ದಪ್ಪು ಶುರುವಾಯಿತು.

ಆಗ ನೆನಪಾಯಿತು. ಮುಂದೆ ನಿಂತು ಹಾಡುವವರು ಸತ್ತರೆ ಅವರ ಜಾಗ ಖಾಲಿ ಬಿಡುವುದು ಈ ಮೇಳದ ರೂಢಿ. ಅವರ ಸಾಲಿನಷ್ಟು ಹೊತ್ತು ಎಲ್ಲರೂ ಸುಮ್ಮನಿದ್ದು, ಆಮೇಲೆ ಹಿಂದಿನವರು ಬರೀ 'ಗೀ ಗೀ' ಎನ್ನುತ್ತಾರೆ. ಚಂದವ್ವನ ಗುರು ಸತ್ತಾಗ ನಾಗಲಿಂಗನೂ ಹೀಗೆ ಹಾಡಿದ್ದ. "ಅವರು ಹಾಡಾಕತ್ತಾರೋ. ನಮಗ ಕೇಳವಲ್ದು, ಅಷ್ಟ," ಎಂದಿದ್ದಳು ಚಂದವ್ವ. ಇವತ್ತು ಅವನನ್ನು ಕರೆದದ್ದು ಭಾಷಣಕ್ಕಲ್ಲ, ಹಿಂದಿನ ಸಾಲಿಗೆ.

ತಿರುಗಿ ನೋಡಿದ. ದುರ್ಗಪ್ಪನ ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಜಾಗವಿತ್ತು.

"ಹಿಂದ ಬರ್ಲೇನು?"

ದುರ್ಗಪ್ಪ ದಪ್ಪು ನಿಲ್ಲಿಸಲಿಲ್ಲ. "ಇರ್ಲಿ ಬಿಡ್ರಿ ಸರ. ನಿಂತೀರಿ, ನಿಂದ್ರಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು.

ಚಂದವ್ವನ ಸಾಲಿನ ಹೊತ್ತು ಬಂತು. ಓಣಿ ಸುಮ್ಮನಾಯಿತು. ಮುಂದೆ ಕುಳಿತ ಮುದುಕಿಯೊಬ್ಬಳು ಕಣ್ಣು ಮುಚ್ಚಿ ಏನನ್ನೋ ಕೇಳಿಸಿಕೊಳ್ಳುತ್ತಿದ್ದಳು. ನಾಗಲಿಂಗ ಬಾಯಿ ತೆರೆದ. ಅವನ ಉಸಿರು ಮೈಕಿನಲ್ಲಿ ಓಣಿಯುದ್ದಕ್ಕೂ ಕೇಳಿತು. ಅದರಲ್ಲಿ ಮಾತಿರಲಿಲ್ಲ.

ಆ ಉಸಿರಿಗೆ ಅವನ ಬೆನ್ನ ಹಿಂದಿನವರೆಲ್ಲ ಒಟ್ಟಿಗೆ, ತಾಳ ತಪ್ಪದೆ, 'ಗೀ ಗೀ' ಎಂದರು.