ಕಚ್ಚಿ ಹಿಡಿಯುವ ಟೈರು

ಹೆದರುವುದೇ ನನ್ನ ಹೊಟ್ಟೆಪಾಡು. ಇಪ್ಪತ್ತೇಳು ವರ್ಷದಿಂದ ಲಿಫ್ಟ್ ತಪಾಸಣೆ ಮಾಡುತ್ತಿದ್ದೇನೆ. ಹಗ್ಗ ಸವೆದಿದೆಯೇ, ಬ್ರೇಕು ಹಿಡಿಯುತ್ತದೆಯೇ, ಬಾಗಿಲು ತೆರೆದಾಗ ಒಳಗೆ ಲಿಫ್ಟ್ ಇದೆಯೋ ಇಲ್ಲವೋ ಎಂದು ಊರವರೆಲ್ಲರ ಪರವಾಗಿ ನಾನು ಹೆದರುತ್ತೇನೆ, ಅವರು ಕನ್ನಡಿ ನೋಡಿ ತಲೆ ಬಾಚಿಕೊಳ್ಳುತ್ತಾ ಆರಾಮಾಗಿ ಮೇಲೆ ಹೋಗುತ್ತಾರೆ. ಮನೆಯಲ್ಲಿ ಈ ಗುಣಕ್ಕೆ ಮೂರು ಕಾಸಿನ ಮರ್ಯಾದೆ ಇಲ್ಲ. "ನಿಮ್ಮಪ್ಪ ಚಪ್ಪಲಿಗೂ ಬ್ರೇಕ್ ಹಾಕಿಸೋ ಪೈಕಿ" ಎಂದು ನನ್ನ ಹೆಂಡತಿ ಮಗಳ ಮುಂದೆಯೇ ಆಡಿಕೊಳ್ಳುತ್ತಾಳೆ.

ಮಗಳಿಗೆ ಇಪ್ಪತ್ತಮೂರು. ವಾರವೆಲ್ಲ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜುತ್ತಾಳೆ. ಭಾನುವಾರ ಬಂದರೆ ಕ್ವಾಡ್ ಬೈಕು ಓಡಿಸುತ್ತಾಳೆ. ಅದಕ್ಕೆ ನಾಲ್ಕು ದಪ್ಪ ಚಕ್ರ, ಬೈಕಿನ ಹ್ಯಾಂಡಲ್ಲು. ಮೇಲೆ ಚಾವಣಿಯಿಲ್ಲ, ಪಕ್ಕದಲ್ಲಿ ಬಾಗಿಲಿಲ್ಲ, ಕಟ್ಟಿಕೊಳ್ಳಲು ಬೆಲ್ಟೂ ಇಲ್ಲ. ಇವಳದು ಸಾಮಾನು ಹೊರುವ ಬಗೆಯದೂ ಅಲ್ಲ, ರೇಸಿನದು. ಅದು ಮನೆಗೆ ಬಂದು ಮೂರು ತಿಂಗಳಾಗಿತ್ತು, ಆ ಮೂರು ತಿಂಗಳೂ ಭಾನುವಾರಗಳಲ್ಲಿ ನನಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಹಿಂದಿನ ಟೈರು ಎರಡೂ ಸವೆದು ಬೋಳಾಗಿದ್ದವು. ಆ ಭಾನುವಾರ ಅವಳು ಮೊದಲ ಬಾರಿ ಗಡಿಯಾರ ಇಟ್ಟು, ಎಷ್ಟು ಹೊತ್ತಾಯಿತೆಂದು ಅಳೆದು ಸುತ್ತು ಹಾಕುವುದಿತ್ತು, ಹಿಂದಿನ ದಿನ ಶನಿವಾರ ಕನ್ನಡಕದ ಅಂಗಡಿಯಲ್ಲಿ ರಜೆ ಸಿಗಲಿಲ್ಲ. ಚಕ್ರಗಳನ್ನು ಬಿಚ್ಚಿ ನನ್ನ ಕಾರಿನ ಡಿಕ್ಕಿಗೆ ಹಾಕಿ ಒಂದು ಚೀಟಿ ಕೊಟ್ಟಳು. "ಕೋಚಮ್ಮ ಬರ್ಕೊಟ್ಟಿರೋದು ಅಪ್ಪ. ಇದೇ ಬೇಕಂತೆ. ಯಾಕೆ ಅಂತ ನಂಗೂ ಗೊತ್ತಿಲ್ಲ" ಎಂದಳು. ಓಡಿಸಲು ಕಲಿಸುವ ಹೆಂಗಸನ್ನು ಎಲ್ಲರೂ ಕೋಚಮ್ಮ ಎನ್ನುತ್ತಾರೆ.

ಟೈರಿನ ಅಂಗಡಿಯವನು ಚೀಟಿ ನೋಡಿ ಗೂಟದಿಂದ ಒಂದು ಟೈರು ಇಳಿಸಿದ. ಕುಳ್ಳಗಿನ ಟೈರು, ಗಿಡ್ಡ ಹಲ್ಲು, ಅಂಚು ದುಂಡಗೆ.

"ಎಲ್ಲಾ ನೆಲಕ್ಕೂ ಆಗುತ್ತೆ ಸಾರ್. ತಿರುವಿನಲ್ಲಿ ಸ್ವಲ್ಪ ಜಾರುತ್ತೆ, ಅಷ್ಟೆ."

"ಜಾರುತ್ತಾ?"

"ಹದವಾಗಿ ಜಾರುತ್ತೆ. ಅದಕ್ಕೇ ಇದನ್ನ ತಗೊಳ್ಳೋದು."

ಅದರ ಪಕ್ಕದಲ್ಲಿ ಇನ್ನೊಂದು ತೂಗುತ್ತಿತ್ತು. ಮೊದಲಿನದಕ್ಕಿಂತ ಎರಡು ಇಂಚು ಎತ್ತರ, ಬೆರಳು ತೂರುವಷ್ಟು ಆಳದ ಹಲ್ಲು, ಅಂಚು ಇಟ್ಟಿಗೆಯ ಹಾಗೆ ಚೌಕ. ಅದೇನು ಎಂದು ಕೇಳಿದೆ.

"ಅದೂ ಎಲ್ಲಾ ನೆಲದ್ದೇ. ಕಲ್ಲುಗುಡ್ಡ ಹತ್ತೋರು ಒಯ್ತಾರೆ. ಒಂದ್ಸಲ ಕಚ್ಚಿದ್ರೆ ಬಿಡಲ್ಲ."

"ಅದನ್ನೇ ಹಾಕಿ."

"ಚೀಟೀಲಿ ಬೇರೆ ಇದೆಯಲ್ಲ. ಓಡಿಸೋರನ್ನ ಒಂದ್ಮಾತು ಕೇಳಿ ಸಾರ್."

"ನಾನು ಅವಳಪ್ಪ" ಎಂದೆ.

ಅವನು ಹಳೆಯದನ್ನು ಕಿತ್ತು, ಸೋಪುನೀರು ಬಳಿದು, ಹೊಸದನ್ನು ಚಕ್ರಕ್ಕೆ ಕೂರಿಸಿದ. ಗಾಳಿ ತುಂಬಿ ಟೈರು ಟಪ್ಪೆಂದು ಕೂತಾಗ ನನ್ನ ಎದೆಯೂ ಜಾಗಕ್ಕೆ ಬಂದು ಕೂತ ಹಾಗಾಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮಗಳು ಓಡಿಸಲಿ, ಆದರೆ ಜಾರದಿರಲಿ. ಇಷ್ಟು ಸುಲಭದ ಉಪಾಯ ಮೂರು ತಿಂಗಳು ಹೊಳೆಯಲೇ ಇಲ್ಲವಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಸಂಜೆ ಅವಳು ಟೈರಿನ ಹಲ್ಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. "ದೊಡ್ಡದಾಯ್ತಲ್ಲ?"

"ಚೀಟೀಲಿದ್ದದ್ದು ಖಾಲಿ ಆಗಿತ್ತಂತೆ. ಇದೂ ಅದೇ ಥರದ್ದಂತೆ" ಎಂದೆ. ನಾನು ಸುಳ್ಳು ಹೇಳುವವನಲ್ಲ, ಅದಕ್ಕೇ ಅವಳು ನಂಬಿದಳು.

ಭಾನುವಾರ ಬೆಳಿಗ್ಗೆ ಹಳೇ ಇಟ್ಟಿಗೆ ಗೂಡಿನ ಹಿಂದಿನ ಬಯಲಿಗೆ ಹೋದೆವು. ಗಟ್ಟಿ ಮಣ್ಣಿನ ದಾರಿ, ತಿರುವಿಗೆಲ್ಲ ಹುಲ್ಲಿನ ಪೆಂಡಿ, ಇವಳ ಹಾಗೇ ಓಡಿಸಲು ಬಂದ ಇನ್ನೂ ಕೆಲವರು. ಕೋಚಮ್ಮ ಬರುವುದು ತಡವಾಯಿತೆಂದು ಇವಳು ಮೈಬಿಸಿ ಮಾಡಿಕೊಳ್ಳಲು ಒಂದು ನಿಧಾನದ ಸುತ್ತು ಹಾಕಿದಳು. ಬೇಲಿಯ ಪಕ್ಕ ನಾನು ಅಂದು ಮೊದಲ ಬಾರಿ ನೆಮ್ಮದಿಯಾಗಿ ನಿಂತಿದ್ದೆ. ಆಗ ಕೋಚಮ್ಮ ಬಂದರು. ಎರಡನೇ ಸುತ್ತಿಗೆ ವೇಗ ಹಿಡಿದು ಮಗಳು ಎದುರಿನಿಂದ ಹಾದುಹೋದಳು.

"ಹಿಂದಿನ ಚಕ್ರಕ್ಕೆ ಯಾವ ಟೈರು ಹಾಕ್ಸಿದ್ದಾಳೆ ಅವಳು?" ಎಂದು ಕೋಚಮ್ಮ ಕೇಳಿದರು.

"ನಾನೇ ಹಾಕಿಸ್ದೆ" ಎಂದೆ. ಹೇಳುವಾಗ ಸ್ವಲ್ಪ ಜಂಬವೂ ಇತ್ತು. "ಜಾರೋ ಮಾತೇ ಇಲ್ಲ."

ಅವರು ದಾರಿ ನೋಡುವುದು ಬಿಟ್ಟು ನನ್ನ ಕಡೆ ತಿರುಗಿದರು.

"ಯಜಮಾನ್ರೇ, ನಿಮ್ಮ ಕಾರು ತಿರುಗುವಾಗ ಒಂದು ಚಕ್ರ ನಿಧಾನ, ಒಂದು ಜೋರು ಸುತ್ತುತ್ತೆ. ಇದಕ್ಕೆ ಆ ಸೌಕರ್ಯ ಇಲ್ಲ. ಹಿಂದಿನ ಎರಡೂ ಒಂದೇ ಅಚ್ಚಿಗೆ ಬಿಗಿದಿರೋದು, ಒಟ್ಟಿಗೇ ಸುತ್ತಬೇಕು. ಅದಕ್ಕೇ ತಿರುವಿನಲ್ಲಿ ಹಿಂಭಾಗ ಜಾರಬೇಕು. ಜಾರದೆ ಕಚ್ಕೊಂಡ್ರೆ ಗಾಡಿ ಮಗುಚುತ್ತೆ."

ನನಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಯಂತ್ರದ ಕೆಲಸದವನು ನಾನು, ಹೇಳಿದ ಕೂಡಲೇ ಕಣ್ಣಿಗೆ ಕಟ್ಟಿತು. ಕೋಚಮ್ಮ ಬೇಲಿ ಹಾರಿ ಕೆಂಪು ಬಾವುಟ ಹಿಡಿದು ಓಡಿದರು. ನಾನೂ ಎರಡು ಕೈ ಎತ್ತಿ ಬೀಸುತ್ತಾ, ನಿಲ್ಲು ನಿಲ್ಲು ಎಂದು ಅರಚುತ್ತಾ ಓಡಿದೆ. ಹೆಲ್ಮೆಟ್ಟಿನೊಳಗೆ ಅವಳಿಗೆ ಏನೂ ಕೇಳಿಸುತ್ತಿರಲಿಲ್ಲ. ಬಾವುಟದ ಕಡೆ ನೋಡದೆ, ಅಪ್ಪ ಹುರಿದುಂಬಿಸುತ್ತಿದ್ದಾನೆ ಎಂದುಕೊಂಡು ಅವಳು ನನ್ನ ಕಡೆ ಒಂದು ಕೈ ಬೀಸಿ, ಇನ್ನಷ್ಟು ವೇಗದಲ್ಲಿ ತಿರುವಿಗೆ ನುಗ್ಗಿದಳು.

ಹ್ಯಾಂಡಲ್ಲು ತಿರುಗಿತು, ಗಾಡಿ ತಿರುಗಲಿಲ್ಲ. ಅವಳು ಇನ್ನೂ ತಿರುಗಿಸಿದಳು. ಟೈರು ಕಚ್ಚಿತು, ಒಳಬದಿಯ ಎರಡು ಚಕ್ರ ನೆಲ ಬಿಟ್ಟು ಮೇಲೆದ್ದವು. ಗಾಡಿ ಎರಡೇ ಚಕ್ರದ ಮೇಲೆ, ಅವಳನ್ನು ಅಡಿಗೆ ಹಾಕಿಕೊಳ್ಳಲೋ ಬೇಡವೋ ಎನ್ನುವ ಹಾಗೆ ವಾಲಿಕೊಂಡೇ ಹೋಯಿತು. ಆಮೇಲೆ ಅದು ಧೊಪ್ಪೆಂದು ನಾಲ್ಕು ಚಕ್ರಕ್ಕೆ ಬಿದ್ದು ಪೆಂಡಿಗಳಿಗೆ ನುಗ್ಗಿ ನಿಂತಿತು.

ನಾನು ತಲುಪುವಾಗ ಅವಳು ಇಳಿದು ಹುಲ್ಲಿನ ಮೇಲೆ ಕೂತಿದ್ದಳು. ಏಟೇನೂ ಆಗಿರಲಿಲ್ಲ. ಹೆಲ್ಮೆಟ್ ತೆಗೆದು ಪಕ್ಕಕ್ಕಿಟ್ಟಳು. ಹಿಂದೆ ಬರುತ್ತಿದ್ದವರನ್ನು ತಡೆಯಲು ಕೋಚಮ್ಮ ಆಚೆ ಬದಿಗೆ ಹೋಗಿದ್ದರು.

"ಅಪ್ಪ, ನಂಗೆ ಭಯ ಆಯ್ತು" ಎಂದಳು. "ತಿರುಗ್ಸೋಕೇ ಬರಲಿಲ್ಲ. ನನ್ ಕೈಲಿ ಆಗಲ್ಲ ಇದು. ಮನೆಗೆ ಹೋಗೋಣ. ಗಾಡಿ ಮಾರ್ಬಿಡೋಣ."

ಮೂರು ತಿಂಗಳಿಂದ ನಾನು ಬೇಡಿಕೊಂಡಿದ್ದು ಇದೇ ಮಾತನ್ನು. ಇನ್ನು ನಾನು ಮಾಡಬೇಕಾದ್ದು ಏನೂ ಇರಲಿಲ್ಲ. ಆಯ್ತು ಮಗಳೇ ಎಂದು, ಕೋಚಮ್ಮ ಬರುವ ಮುಂಚೆ ಕಾರಿಗೆ ಕೂರಿಸಿಕೊಂಡು ಹೊರಟರೆ ಸಾಕಿತ್ತು. ಭಾನುವಾರಗಳೆಲ್ಲ ನನ್ನವಾಗುತ್ತಿದ್ದವು. ಆದರೆ ಅವಳು ತನ್ನ ಎರಡು ಅಂಗೈಗಳನ್ನು ಬಿಚ್ಚಿ, ತಪ್ಪು ಅಲ್ಲೆಲ್ಲೋ ಇದೆ ಎನ್ನುವಂತೆ ನೋಡಿಕೊಳ್ಳುತ್ತಿದ್ದಳು. ಅದನ್ನು ನೋಡಲು ನನ್ನಿಂದಾಗಲಿಲ್ಲ.

"ನಿನ್ ಕೈ ಸರಿಯಾಗೇ ಇದೆ. ಟೈರು ತಪ್ಪು. ಖಾಲಿ ಆಗಿರಲಿಲ್ಲ, ನಾನೇ ಬದಲಾಯ್ಸಿದ್ದು. ಜಾರಬಾರದು ಅಂತ."

ಅವಳು ಹಿಂದಿನ ಟೈರಿನ ಕಡೆ ನೋಡಿದಳು, ಆಮೇಲೆ ನನ್ನ ಕಡೆ.

"ನಾನು ಸತ್ತೇ ಹೋಗ್ತಿದ್ದೆ ಅಪ್ಪ."

"ಹೌದು" ಎಂದೆ. ಅವಳು ನನ್ನ ಕಡೆ ಬೆನ್ನು ಮಾಡಿ ಅತ್ತಳು. ಮುಟ್ಟಲು ನನಗೆ ಧೈರ್ಯ ಬರಲಿಲ್ಲ.

ಕೋಚಮ್ಮ ಬಂದು ಬೈಯಲಿಲ್ಲ. ತಮ್ಮ ವ್ಯಾನಿನಿಂದ ಬೇರೆ ಎರಡು ಚಕ್ರ ತಂದಿಟ್ಟರು, ಚೀಟಿಯಲ್ಲಿದ್ದ ಅದೇ ಕುಳ್ಳ ಟೈರಿನವು. "ಇವತ್ತೇ ಓಡಿಸ್ಬೇಕು ಅಂತೇನಿಲ್ಲ" ಎಂದು ಹೇಳಿ ಆಚೆ ಹೋದರು. ಮಗಳು ಕಣ್ಣೊರೆಸಿಕೊಂಡು ಸ್ಪ್ಯಾನರ್ ಎತ್ತಿಕೊಂಡಳು. ನಾನು ಚಕ್ರ ಹಿಡಿದೆ, ಅವಳು ನಟ್ಟು ಬಿಗಿದಳು.

ಹೆಲ್ಮೆಟ್ ಹಾಕಿಕೊಂಡಾಗ ಎರಡು ಸಲ ಎಳೆದರೂ ಗದ್ದದ ಪಟ್ಟಿ ಕೂರಲಿಲ್ಲ. ಅವಳು ನನ್ನ ಮುಂದೆ ಬಂದು ಗದ್ದ ಎತ್ತಿ ನಿಂತಳು. ನಾನು ಪಟ್ಟಿ ಬಿಗಿದೆ.

"ಬೇಡ ಅನ್ನೋದಾದ್ರೆ ಈಗ್ಲೇ ಅನ್ನು. ನನ್ ಮುಖ ನೋಡ್ಕೊಂಡು ಅನ್ನು" ಎಂದಳು.

ಬೇಡ ಎನ್ನುವುದು ನಾಲಿಗೆಯ ತುದಿಯಲ್ಲೇ ಇತ್ತು.

"ನಂಗೆ ತುಂಬಾ ಭಯ ಆಗ್ತಿದೆ" ಎಂದೆ.

"ನಂಗೂ" ಎಂದಳು.

ಆಮೇಲೆ ಅವಳು ಗಾಡಿ ಹತ್ತಿದಳು, ನಾನು ಹೋಗಿ ಬೇಲಿ ಹಿಡಿದುಕೊಂಡು ನಿಂತೆ.