ಅರ್ಧ ಅಜ್ಜಿಯದು, ಅರ್ಧ ನನ್ನದು

ಗಾಳಿಯೆಂದರೆ ಮುನಿಸಿಕೊಂಡ ಸೊಸೆ ಎನ್ನುತ್ತಿದ್ದಳು ನನ್ನ ಅಜ್ಜಿ ಜಗದಾಂಬಾ. ದೊಡ್ಡ ಬಾಯಿಂದ ಒಳಗೆ ಕರೆಯಬೇಕು, ಸಣ್ಣ ಬಾಯಿಂದ ಹೊರಗೆ ಬಿಡಬೇಕು. ಕೂಡಿಹಾಕಿದರೆ ಎಲ್ಲ ಹರಿದುಕೊಂಡು ಹೋಗುತ್ತಾಳೆ.

ಕೆಂಗೇರಿ ಬಳಿಯ ಉಲ್ಲಾಳದಾಚೆಯ ಪುಟ್ಟ ವಿಮಾನ ಮೈದಾನಕ್ಕೆ ನಲವತ್ತು ವರ್ಷ ಗಾಳಿಚೀಲ ಹೊಲಿದವಳು ಅವಳು. ನಮ್ಮ ತಾತ ಅಲ್ಲಿ ಮೆಕ್ಯಾನಿಕ್ ಆಗಿದ್ದರು. ಒಂದು ತುದಿಗೆ ದೊಡ್ಡ ಬಾಯಿ, ಇನ್ನೊಂದಕ್ಕೆ ಸಣ್ಣದು; ಕಂಬದ ಮೇಲೆ ಉಬ್ಬಿ, ಗಾಳಿ ಯಾವ ಕಡೆಗೆಂದು ಪೈಲಟ್‌ಗಳಿಗೆ ತೋರಿಸುವುದು ಆ ಚೀಲದ ಕೆಲಸ. ಪ್ರತಿ ಆಯುಧಪೂಜೆಗೆ ಹಳೆಯದನ್ನು ಇಳಿಸಿ, ಹೊಸದಕ್ಕೆ ಕುಂಕುಮವಿಟ್ಟು ಕಂಬಕ್ಕೇರಿಸಿ, ಅದು ಮೊದಲು ತೋರಿದ ದಿಕ್ಕನ್ನು ಮೈದಾನದ ಪುಸ್ತಕದಲ್ಲಿ ಬರೆಯುವುದು ರೂಢಿ.

ಅಜ್ಜಿ ಈ ಆಷಾಢದಲ್ಲಿ ಹೋದಳು. ಹೊಲಿಗೆ ಮಷಿನ್ನಿನ ಸೂಜಿಯ ಕೆಳಗೆ ಅರ್ಧ ಹೊಲಿದ ಚೀಲ ಹಾಗೇ ಇತ್ತು. ಉಳಿದರ್ಧ ನಾನು ಹೊಲಿದೆ, ಸೊಟ್ಟಸೊಟ್ಟ. ಒಂದು ಸಲ ಅದನ್ನು ಕಂಬದ ಮೇಲೆ ನೋಡಿದರೆ ಅವಳ ಕೆಲಸ ಮುಗಿದಂತೆ ಎಂದುಕೊಂಡು ಆಯುಧಪೂಜೆಯ ದಿನ ವಿಜಯನಗರದಲ್ಲಿ ಬಸ್ಸು ಹತ್ತಿದೆ.

ಮೈದಾನದಲ್ಲಿ ವಯಸ್ಸಾದ ಕಾವಲುಗಾರ ಚಿಕ್ಕಹನುಮಯ್ಯ ಒಬ್ಬರೇ ಬಕೆಟ್ಟಿನಲ್ಲಿ ಸುಣ್ಣ ಕಲಸುತ್ತಿದ್ದರು.

"ಬಾ ರಾಗಿಣಿ, ಅಜ್ಜಿ ಥರಾನೇ ಹೊತ್ತಿಗ್ ಸರ್ಯಾಗ್ ಬಂದ್ಬಿಟ್ಟೆ. ಆದ್ರೆ ಈ ಸಲ ಏರ್ಸೋ ಹಂಗಿಲ್ಲ ಕಣವ್ವ."

"ಯಾಕ್ ತಾತ? ಕಂಬ ಇದ್ಯಲ್ಲ."

"ಮೊನ್ನೆ ಲೆಟರ್ ಬಂತು. ಫೀಲ್ಡ್ ಬಂದ್. ಮತ್ತೆ ತೆಗೀತಾರೋ, ಸೈಟ್ ಮಾಡ್ತಾರೋ, ಯಾರ್ಗೂ ಗೊತ್ತಿಲ್ಲ. ಅಲ್ಲೀವರ್ಗೂ ಯಾರೂ ಇಳೀಬಾರ್ದು ಅಂತ ರನ್‌ವೇ ಮೇಲೆ ಸುಣ್ಣದಲ್ಲಿ ದೊಡ್ಡ ಇಂಟು ಮಾರ್ಕ್ ಹಾಕು ಅಂದವ್ರೆ."

"ಒಂದೇ ನಿಮಿಷ ಏರಿಸಿ ಇಳಿಸ್ಬಿಡೋಣ. ಯಾರ್ ನೋಡ್ತಾರೆ?"

"ನೋಡೋನು ಮೇಲಿರ್ತಾನೆ. ಚೀಲ ಕಂಡ್ರೆ ಬಾ ಅಂತ ಅರ್ಥ. ಕರೆದ್ಮೇಲೆ ನೆಲ ಕೊಡ್ಬೇಕಲ್ಲವ್ವ? ಆ ಕಡೆ ಗುಂಡಿ ಅಗೆದವ್ರೆ. ನಿಮ್ಮಜ್ಜಿ ಕೇಳಿದ್ರೂ ಬಿಡ್ತಿರ್ಲಿಲ್ಲ. ಬೈಸ್ಕೊಂಡಿರ್ತಿದ್ದೆ, ಅಷ್ಟೇ."

ಆಕಾಶ ಖಾಲಿಯಿತ್ತು. ಆದರೂ ಅಜ್ಜಿ ಆಕಾಶಕ್ಕೆ ಎಂದೂ ಸುಳ್ಳು ಹೇಳಿದವಳಲ್ಲ. ಚೀಲವನ್ನು ಬ್ಯಾಗಿನಲ್ಲಿಟ್ಟು ಸುಣ್ಣದ ಪೊರಕೆ ಹಿಡಿದೆ. ಚಿಕ್ಕಹನುಮಯ್ಯನವರ ಸೊಂಟ ಬಗ್ಗದು. ಇಂಟು ಮಾರ್ಕಿನ ಎರಡೂ ಗೆರೆ ನಾನೇ ಎಳೆದೆ. ಅವೂ ಸೊಟ್ಟ.

"ಚೀಲ ಕೈಯಲ್ಲಿ ಹಿಡ್ಕೊಳ್ಲಾ, ತಾತ?"

"ಎದೆ ಮಟ್ಟಕ್ಕೆ ಹಿಡ್ಕೋ. ಅಷ್ಟು ಮೇಲಿಂದ ಕಾಣ್ಸಲ್ಲ."

ಗೆರೆಗಳು ಕೂಡುವಲ್ಲಿ ನಿಂತು ಚೀಲದ ದೊಡ್ಡ ಬಾಯಿ ತೆರೆದು ಹಿಡಿದೆ. ತುಂಬ ಹೊತ್ತು ಏನೂ ಇಲ್ಲ. ಆಮೇಲೆ ಗಾಳಿ ಬಂತು. ಮೊದಲು ಅಜ್ಜಿಯ ಅರ್ಧ ಉಬ್ಬಿತು, ಅನಂತರ ನನ್ನದು.

"ಯಾವ್ ಕಡೆ?" ರೂಢಿಯಂತೆ ಕೇಳಿದರು.

"ಕೆಂಗೇರಿ ಕಡೆಗೆ."

ಜೇಬಿನಿಂದ ಪೆನ್ನು ತೆಗೆದು ಕ್ಯಾಪು ಬಿಚ್ಚಿದರು.

"ಪುಸ್ತಕ ಆಫೀಸ್ನೋರು ತಗೊಂಡೋದ್ರು," ಎಂದು ಕ್ಯಾಪು ಹಾಕಿದರು.

ಚೀಲ ಇನ್ನೂ ತೋರಿಸುತ್ತಲೇ ಇತ್ತು.